ಸೂಜಿ ಕಳಚಿದ ಎಂಟು ಜೀರುಂಡೆಗಳು

ಬಹರೈನಿನಿಂದ ಊರಿಗೆ ಹೊರಟವರ ಕೈಯಲ್ಲಿ ಪಾರ್ಸೆಲ್ ಕೊಡುವಾಗ ಅದಕ್ಕೆ ಟೇಪು ಹಚ್ಚಬಾರದು, ದಾರ ಬಿಗಿಯಬಾರದು. ಒಯ್ಯುವವರು ಅದನ್ನು ಬಿಚ್ಚಿಯೇ ಬಿಚ್ಚುತ್ತಾರೆ. ಒಳಗೇನಿದೆ ಎಂದು ನೋಡುತ್ತಾರೆ, ಭಾರದ ಡಬ್ಬಿಯನ್ನು ಬದಿಗಿಟ್ಟು ಸಾಮಾನನ್ನು ಮಾತ್ರ ತಮ್ಮ ಬಟ್ಟೆಗಳ ನಡುವೆ ತುರುಕುತ್ತಾರೆ. ಇದಕ್ಕೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ಕ್ಲೊಟಿಲ್ಡಾ ಕೂಡ ಎಷ್ಟೋ ಜನರ ಪೊಟ್ಟಣ ಬಿಚ್ಚಿ ಹಗುರ ಮಾಡಿದವಳೇ. ಹಾಗಾಗಿ ಆ ಗುರುವಾರ, ತಮ್ಮ ಬೀದಿ ಮೂಲೆಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಮಸೂದ್ ಊರಿಗೆ ಹೊರಟಿದ್ದಾನೆಂದು ತಿಳಿದು ಮರದ ಪೆಟ್ಟಿಗೆಯೊಂದನ್ನು ಅವನಿಗೆ ಕೊಟ್ಟಾಗ, ಮುಚ್ಚಳವನ್ನು ಸುಮ್ಮನೆ ಒತ್ತಿ ಕೊಟ್ಟಿದ್ದಳು. "ನಾಜೂಕಿನ ಸಾಮಾನು, ಮಸೂದ್ ಭಾಯ್" ಎಂದಷ್ಟೇ ಹೇಳಿದ್ದಳು. ಇನ್ನೆರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಎಂಟು ಸತ್ತ ಜೀರುಂಡೆಗಳು. ಮೈಗಿಂತ ಮೀಸೆಯೇ ಉದ್ದವಾದ, ಬೂದು ಬಣ್ಣದ ಹುಳಗಳು. ನಾಲ್ಕು, ಹಮದ್ ಟೌನಿನ ಅವಳ ಮನೆಯ ಹಿಂದಿನ ಬೋರೆ ಮರದಲ್ಲಿ ಸಿಕ್ಕಿದವು. ಇನ್ನು ನಾಲ್ಕು, ಹೋಲಿಸಿ ನೋಡಲೆಂದು ಅವಳ ತಮ್ಮ ಆಲ್‌ಸ್ಟನ್ ಊರಲ್ಲಿ ಶಿರ್ವದ ಮನೆಯ ಸೌದೆ ರಾಶಿಯಿಂದ ಹಿಡಿದು, ಇದೇ ರೀತಿ ಯಾರದೋ ಕೈಯಲ್ಲಿ ಕಳುಹಿಸಿಕೊಟ್ಟವು. ಶಿರ್ವದ ಹುಳ ಹಳೆಯದು, ಅದಕ್ಕೆ ನೂರು ವರ್ಷದ ಹಿಂದೆಯೇ ಹೆಸರು ಬಿದ್ದಿದೆ. ಹಮದ್ ಟೌನಿನದ್ದು ಬೇರೆ, ಯಾರೂ ಹೆಸರಿಡದ ಹೊಸ ಪ್ರಭೇದ ಎಂಬುದು ಕ್ಲೊಟಿಲ್ಡಾಳ ಹಟ.

ಅವಳೇನೂ ಕೀಟ ವಿಜ್ಞಾನಿಯಲ್ಲ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕಂಡವರ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ಅವಳ ಕೆಲಸ. ಆದರೆ ಕಳೆದ ಹದಿನಾಲ್ಕು ತಿಂಗಳು ರಜೆಯ ದಿನಗಳನ್ನೆಲ್ಲ ಆ ಹುಳಗಳಿಗೇ ಧಾರೆ ಎರೆದಿದ್ದಳು. ಎರಡು ಊರಿನ ಹುಳಗಳ ವ್ಯತ್ಯಾಸವನ್ನು ನಾಲ್ಕು ಪುಟ ಬರೆದಿದ್ದಳು: ಮೀಸೆಯ ಮೂರನೇ ಗೆಣ್ಣು ನಾಲ್ಕನೆಯದಕ್ಕಿಂತ ಉದ್ದ, ಬೆನ್ನಿನ ಬಿಳಿ ಪಟ್ಟಿ ನಡುವೆ ತುಂಡಾಗಿದೆ, ಹೀಗೆ. ಬೆಂಗಳೂರಿನ ಜೀರುಂಡೆ ತಜ್ಞ ಜಯಂತ್ ಅದನ್ನು ಓದಿ, ಹುಳಗಳನ್ನೇ ಕಣ್ಣಾರೆ ನೋಡಿ ಒಪ್ಪಿದರೆ ಇಬ್ಬರ ಹೆಸರಲ್ಲೂ ಪ್ರಕಟಿಸೋಣ ಎಂದಿದ್ದರು. ಬೇಕಾದ ಕಾಗದಪತ್ರವನ್ನೂ ಅವರೇ ಮಾಡಿಸಿದ್ದರು. ಹುಳಕ್ಕೆ ಇಡುವ ಹೆಸರೂ ಸಿದ್ಧವಾಗಿತ್ತು. ತೀರಿಹೋದ ಅಮ್ಮ ಮ್ಯಾಗ್ಡಲಿನ್‌ಳ ಹೆಸರು. ಹುಳ ಕಂಡರೆ ಪೊರಕೆ ಎತ್ತುತ್ತಿದ್ದ ಹೆಂಗಸಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನು ಬೇಕು ಎಂದು ಗಂಡ ಲೆಸ್ಲಿ ನಕ್ಕಿದ್ದ.

ಶುಕ್ರವಾರ ಬೆಳಿಗ್ಗೆ ಮಸೂದನ ಫೋನು ಬಂತು. "ಬಾಯಿ, ನಿಮ್ಮ ಪಾರ್ಸೆಲ್ ರೆಡಿ ಮಾಡಿದ್ದೇನೆ. ಏನೂ ಟೆನ್ಶನ್ ಇಲ್ಲ. ಆ ಸೂಜಿಗಳನ್ನೆಲ್ಲ ತೆಗೆಸಿದೆ."

"ಯಾವ ಸೂಜಿ?" ಎಂದಳು ಕ್ಲೊಟಿಲ್ಡಾ. ಯಾವ ಸೂಜಿಯೆಂದು ಅವಳಿಗೆ ಗೊತ್ತಿತ್ತು.

"ಹುಳಕ್ಕೆ ಚುಚ್ಚಿದ್ದು ಮಾರಾಯ್ರೆ. ನಾಜೂಕು ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ಹ್ಯಾಂಡ್ ಬ್ಯಾಗಲ್ಲಿ ಇಡ್ತಿದ್ದೇನೆ. ಸೂಜಿ ಕಂಡ್ರೆ ಏರ್‌ಪೋರ್ಟಲ್ಲಿ ಬಿಡ್ತಾರಾ? ಅಲೀಮಾ ಒಂದೊಂದೇ ತೆಗೆದು ಟಿಶ್ಯೂನಲ್ಲಿ ಸುತ್ತಿ ಖರ್ಜೂರದ ಡಬ್ಬಿಯಲ್ಲಿ ಇಟ್ಟಿದ್ದಾಳೆ."

ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲದೆ ಅವಳು ಅಂಗಡಿಗೆ ಓಡಿದಳು. ಮಸೂದನ ಹೆಂಡತಿ ಅಲೀಮಾ ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದಳು. ಮದುವೆ ಬಟ್ಟೆಗಳಿಗೆ ಮಣಿ ಹೊಲಿಯುವ ಕೈ ಅವಳದು. ಒಂದೇ ಒಂದು ಕಾಲು ಮುರಿದಿತ್ತು, ಅದನ್ನೂ ಬೇರೆ ಟಿಶ್ಯೂನಲ್ಲಿ ಸುತ್ತಿಟ್ಟಿದ್ದಳು. ಎಲ್ಲ ಸರಿ. ಆದರೆ ಯಾವ ಹುಳ ಎಲ್ಲಿ, ಯಾವತ್ತು ಸಿಕ್ಕಿತೆಂದು ಬರೆದ ಚೀಟಿಗಳನ್ನು ಆಯಾ ಹುಳದ ಕೆಳಗೆ ಅದೇ ಸೂಜಿಗೆ ಪೋಣಿಸಲಾಗಿತ್ತು. ಈಗ ಆ ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ಬಿದ್ದಿದ್ದವು.

"ಒಂದು ಚೀಟಿಯೂ ಹೋಗಿಲ್ಲ ಬಾಯಿ" ಎಂದಳು ಅಲೀಮಾ.

ಕ್ಲೊಟಿಲ್ಡಾಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈಯುವುದಾದರೂ ಯಾರನ್ನು? ಎಲ್ಲರೂ ಮಾಡಬೇಕಾದದ್ದನ್ನೇ ಮಾಡಿದ್ದರು. ಅವಳ ಮುಖ ನೋಡಿ ಮಸೂದ್ ಪೆಚ್ಚಾದ. ಆಮೇಲೆ ಅವನಿಗೊಂದು ಸಮಾಧಾನ ಹೊಳೆಯಿತು. "ನಿಮಗೆ ನೋಡಿದ್ರೆ ಗೊತ್ತಾಗ್ತದಲ್ಲ ಬಾಯಿ? ವರ್ಷದಿಂದ ಅದನ್ನೇ ನೋಡ್ತಿದ್ದೀರಿ. ನಂಗೆ ನಾಳೆ ಮಧ್ಯಾಹ್ನ ಫ್ಲೈಟು."

ಅದೂ ಹೌದಲ್ಲ ಎಂದು ಅವಳಿಗೂ ಅನ್ನಿಸಿತು. ನಾಲ್ಕು ಪುಟ ವ್ಯತ್ಯಾಸ ಬರೆದವಳು ತಾನು. ಮನೆಗೆ ಬಂದು ಎಂಟನ್ನೂ ಬಿಳಿ ಕಾಗದದ ಮೇಲೆ ಹರಡಿ ಸೂಕ್ಷ್ಮದರ್ಶಕದ ಮುಂದೆ ಕುಳಿತಳು. ಲ್ಯಾಪ್‌ಟಾಪಿನಲ್ಲಿ ಎಂಟಕ್ಕೂ ಊರಿನ ಹೆಸರು ಸಹಿತ ಫೋಟೋ ಇತ್ತು. ಒಂದಕ್ಕೆ ರೆಕ್ಕೆಯ ಅಂಚು ಚೂರು ಹಾರಿದೆ, ಇನ್ನೊಂದಕ್ಕೆ ಉಗುರಿಲ್ಲ, ಇಂಥ ಗುರುತು ಹಿಡಿದು ಯಾವುದು ಯಾವುದೆಂದು ಪತ್ತೆ ಮಾಡಬಹುದಿತ್ತು. ಆದರೆ ಅದನ್ನು ತೆರೆಯಲು ಅವಳಿಗೆ ಮನಸ್ಸು ಬರಲಿಲ್ಲ. ತನ್ನ ಮಕ್ಕಳನ್ನು ಗುರುತಿಸಲು ಫೋಟೋ ನೋಡುವ ತಾಯಿಯುಂಟೇ ಎಂಬ ಜಂಬ.

ಮೂರನೇ ಗೆಣ್ಣು ಅಳೆದಳು. ಬಿಳಿ ಪಟ್ಟಿ ನೋಡಿದಳು. ನಾಲ್ಕನ್ನು ಎಡಕ್ಕೆ, ನಾಲ್ಕನ್ನು ಬಲಕ್ಕೆ ಇಟ್ಟಳು. ಎಡದ್ದು ಹಮದ್ ಟೌನ್, ಬಲದ್ದು ಶಿರ್ವ. ಒಂದರ ಬಗ್ಗೆ ಅನುಮಾನ ಬಂತು, ಅದನ್ನು ಆಚೆಗೆ ಸರಿಸಿ ಇನ್ನೊಂದನ್ನು ಈಚೆಗೆ ತಂದಳು. ಪಟ್ಟಿ ತುಂಡಾಗಿದೆಯೋ, ಕೂದಲು ಉದುರಿ ಹಾಗೆ ಕಾಣುತ್ತದೋ? ಗೆಣ್ಣು ಉದ್ದವೋ, ಹುಳವೇ ದೊಡ್ಡದೋ? ನೋಡಿದಷ್ಟೂ ಎಂಟೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಸ್ವಲ್ಪ ಹೊತ್ತಿಗೆ ಎಂಟೂ ಎಂಟು ಬಗೆಯಾಗಿ ಕಂಡವು. ಲೆಸ್ಲಿ ಊಟಕ್ಕೆ ಎರಡು ಸಲ ಕರೆದ.

ಕೊನೆಗೆ ಫೋಟೋ ತೆರೆದಳು. ನಾಲ್ಕು ಸರಿ, ನಾಲ್ಕು ತಪ್ಪು. ಕಣ್ಣು ಮುಚ್ಚಿ ಹೆಕ್ಕಿದ್ದರೂ ಅಷ್ಟೇ ಆಗುತ್ತಿತ್ತು. ಹೊಸ ಪ್ರಭೇದವೆಂದರೆ ಒಂದು ಹುಳವನ್ನು ಮಾದರಿಯೆಂದು ಆರಿಸಿ ಅದರ ಮೇಲೆ ಹೆಸರು ಹೊರಿಸುತ್ತಾರೆ. ಅಮ್ಮನ ಹೆಸರು ಹೊರಬೇಕಿದ್ದ ಆ ಹುಳವನ್ನು ಅವಳು ಶಿರ್ವದ ಸಾಲಿನಲ್ಲಿ ಇಟ್ಟಿದ್ದಳು.

"ಈಗ ಫೋಟೋ ನೋಡಿ ಗೊತ್ತಾಯ್ತಲ್ಲ ಕ್ಲೊಟಿ. ಚೀಟಿ ಸರಿ ಮಾಡಿ ಕಳಿಸು. ಯಾರಿಗೆ ತಿಳೀತದೆ?" ಎಂದ ಲೆಸ್ಲಿ.

"ನಂಗೆ ತಿಳೀತದಲ್ಲ. ಚೀಟಿ ಇಲ್ಲದಿದ್ರೆ ನಂಗೇ ಗೊತ್ತಾಗುದಿಲ್ಲ ಅಂದ್ರೆ, ಹೊಸ ಹುಳ ಎಲ್ಲುಂಟು? ಇಷ್ಟು ದಿನ ನಾನು ಹುಳ ನೋಡಿದ್ದಾ, ಚೀಟಿ ನೋಡಿದ್ದಾ?"

ಮರುದಿನ ಬೆಳಿಗ್ಗೆ ಅವಳು ಎಂಟು ಟಿಶ್ಯೂಗಳ ಮೇಲೆ ಒಂದರಿಂದ ಎಂಟರವರೆಗೆ ಅಂಕಿ ಮಾತ್ರ ಬರೆದು, ಊರು ಮುಟ್ಟಿದ ಮೇಲೆ ಬೆಂಗಳೂರಿಗೆ ಕೊರಿಯರ್ ಮಾಡಲು ಹೇಳಿ ಡಬ್ಬಿಯನ್ನು ಮಸೂದನಿಗೆ ವಾಪಸು ಕೊಟ್ಟಳು. ಯಾವ ಅಂಕಿ ಯಾವ ಊರಿನದ್ದು ಎಂಬ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಂಡಳು. ಜಯಂತ್‌ಗೆ ನಡೆದದ್ದನ್ನೆಲ್ಲ ಬಚ್ಚಿಡದೆ ಬರೆದಳು. ತಾನು ನಾಲ್ಕು ತಪ್ಪು ಮಾಡಿದ್ದನ್ನೂ ಬರೆದಳು. 'ಊರು ಯಾವುದೆಂದು ಕೇಳಬೇಡಿ. ನೀವೇ ಬೇರ್ಪಡಿಸಿ ಹೇಳಿ.' ಕಳುಹಿಸಿದ ಮೇಲೆ ನಾಚಿಕೆಯಾಯಿತು.

ಹನ್ನೊಂದು ದಿನ ಸುದ್ದಿಯಿಲ್ಲ. ಕ್ಲಿನಿಕ್ಕಿನಲ್ಲಿ ರಕ್ತದ ಸ್ಲೈಡ್ ನೋಡುವಾಗಲೂ ಒಮ್ಮೊಮ್ಮೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಬಾರದೆ ಎರಡೆರಡು ಸಲ ಎಣಿಸುತ್ತಿದ್ದಳು. ಹನ್ನೆರಡನೇ ದಿನ, ಊಟದ ಬಿಡುವಿನಲ್ಲಿ ಜಯಂತ್ ಫೋನ್ ಮಾಡಿದರು.

"ಮೇಡಂ, ಎಂಟೂ ಗಂಡು. ಎರಡು, ಮೂರು, ಐದು, ಎಂಟು ಒಂದು ಗುಂಪು. ಉಳಿದವು ಇನ್ನೊಂದು. ನಿಮ್ಮ ಪಟ್ಟಿ ನೋಡಿ ಹೇಳಿ."

ಅವಳು ಪರ್ಸಿನಿಂದ ಪಟ್ಟಿ ತೆಗೆದು ಬೆರಳಿಟ್ಟು ಓದಿದಳು. ಎರಡು, ಹಮದ್ ಟೌನ್. ಮೂರು, ಹಮದ್ ಟೌನ್. ಐದು. ಎಂಟು. ನಾಲ್ಕಕ್ಕೆ ನಾಲ್ಕೂ ಹಮದ್ ಟೌನ್.

"ಎಲ್ಲ ಸರಿ ಸರ್" ಎಂದಳು.

"ಹಾಗಾದ್ರೆ ಹೊಸದೇ. ಅದ್ರಲ್ಲಿ ಡೌಟೇ ಇಲ್ಲ" ಎಂದರು ಜಯಂತ್. "ಆದ್ರೆ ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಬರೆದ ವ್ಯತ್ಯಾಸ ಒಂದೂ ನಿಲ್ಲಲ್ಲ. ಗೆಣ್ಣು, ಪಟ್ಟಿ, ಅವೆಲ್ಲ ಎರಡೂ ಕಡೆ ಹೆಚ್ಚುಕಮ್ಮಿ ಆಗುತ್ತೆ. ನಾನು ಹೊಟ್ಟೆ ಬಿಡಿಸಿ ಒಳಗಿನ ಜನನಾಂಗ ನೋಡಿದೆ. ಬೇರೆಯಾಗಿರೋದು ಅಲ್ಲಿ ಮಾತ್ರ. ಹೊರಗಿನಿಂದ ಯಾರಿಗೂ ಕಾಣಲ್ಲ."

ಕ್ಲೊಟಿಲ್ಡಾಳಿಗೆ ಸಂತೋಷ ಬಂದು ಅರ್ಧ ದಾರಿಯಲ್ಲಿ ನಿಂತಿತು. ಹುಳ ಹೊಸದು. ಅದು ಏಕೆ ಹೊಸದೆಂದು ಅವಳು ಬರೆದದ್ದೆಲ್ಲ ಸುಳ್ಳು. ಮಸೂದ್ ಸೂಜಿ ಕೀಳಿಸದೆ ಇದ್ದಿದ್ದರೆ, ಚೀಟಿ ನೋಡಿ ಜಯಂತರೂ ಮೋಸ ಹೋಗಿ, ಆ ನಾಲ್ಕು ಪುಟ ಸುಳ್ಳು ಅಮ್ಮನ ಹೆಸರಿನ ಕೆಳಗೆ ಅಚ್ಚಾಗುತ್ತಿತ್ತೋ ಏನೋ. ಅವನಿಗೆ ಕೈ ಮುಗಿಯಬೇಕೋ, ಇನ್ನೂ ಸಿಟ್ಟು ಇಟ್ಟುಕೊಳ್ಳಬೇಕೋ?

"ಒಂದು ಕೇಳ್ತೀನಿ" ಎಂದರು ಜಯಂತ್. "ಹೊರಗೆ ಏನೂ ಕಾಣಲ್ಲ ಅಂದ್ಮೇಲೆ, ಮೊದಲ ದಿನ ಇದು ಬೇರೆ ಹುಳ ಅಂತ ನಿಮಗೆ ಹೇಗನ್ನಿಸ್ತು?"

ಅವಳು ಆ ದಿನವನ್ನು ನೆನೆದಳು. ಆ ಬೆಳಿಗ್ಗೆ, ಆ ಮರ, ತೊಗಟೆಯ ಮೇಲೆ ಮೀಸೆ ಆಡಿಸುತ್ತಿದ್ದ ಹುಳ. ಎದೆಯಲ್ಲಿ ಎದ್ದ ಒಂದು ಖಾತ್ರಿ. ಅದಕ್ಕೆ ಕಾರಣ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ಗೊತ್ತಿಲ್ಲ ಸರ್" ಎಂದಳು. "ದೇವರಾಣೆಗೂ ಗೊತ್ತಿಲ್ಲ."