ಕತ್ತರಿಸಿದ ಗುಳಿಗೆ

ಅಪ್ಪನ ಅಡಕತ್ತರಿ ಕಟಕ್ಕೆಂದರೆ ಅತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದರಲ್ಲಿ ಅವನು ಕತ್ತರಿಸುತ್ತಿದ್ದುದು ಅಡಿಕೆಯನ್ನಲ್ಲ, ಅವಳ ಮಾರ್ಫಿನ್ ಗುಳಿಗೆಯನ್ನು. ಅರ್ಧ ಅವಳ ಬಾಯಿಗೆ, ಇನ್ನರ್ಧ ಅವನ ಅಂಗಿಯ ಕಿಸೆಗೆ.

ಅತ್ತಿ ಎಂದರೆ ಅಪ್ಪನ ತಂಗಿ ನೀಲವ್ವ. ಊರಿನ ಮಕ್ಕಳಿಗೆಲ್ಲ ಮಗ್ಗಿ ಕಲಿಸಿದ ಟೀಚರು. ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದ ಮೇಲೆ ಮಗ್ಗಲು ಬದಲಿಸಲೂ ಹಲ್ಲು ಕಚ್ಚುತ್ತಿದ್ದಳು. ಬದುಕುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನೋವಿಲ್ಲದೆ ಸಾಯಬೇಕು, ಅಷ್ಟೇ ಅವಳ ಆಸೆ.

ದೊಡ್ಡಪ್ಪನನ್ನು ಕುಡಿತ ತಿಂದುಹಾಕಿದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದ. ಚಟ ಎಂಬ ಮಾತು ಅವನಿಗೆ ಸಾವಿಗಿಂತ ದೊಡ್ಡದು. ಗುಳಿಗೆ ನುಂಗಿ ಅತ್ತಿ ಮಂಪರಿಗೆ ಜಾರಿದರೆ, ಅರ್ಧಕ್ಕೇ ಹೀಗೆ, ಇಡೀದು ಕೊಟ್ಟರೆ ಇನ್ನು ಹೇಗೋ ಎನ್ನುತ್ತಿದ್ದ. ಮಧ್ಯಾಹ್ನ ದಾಟುವಷ್ಟರಲ್ಲಿ ನರಳತೊಡಗಿದರೆ ಅದೂ ಚಟವೇ. ನಾನು ಜಗಳಕ್ಕೆ ನಿಂತರೆ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಮುಂಜಾನೆ ಅವಳ ನರಳಾಟ ಅವನಿಗೂ ತಾಳಲಾಗಲಿಲ್ಲ. ಕಿಸೆಯ ತುಣುಕುಗಳನ್ನು ಬೊಗಸೆಗೆ ಸುರಿದುಕೊಂಡು ಕೈಗೆ ಬಂದಷ್ಟು ಕೊಟ್ಟ. ಬಿಸಿಲೇರುವಾಗ ಅತ್ತಿ ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಉಸಿರು ಎಣಿಸುವಷ್ಟು ನಿಧಾನವಾಗಿತ್ತು. ಓಡಿಹೋಗಿ, ಗುಳಿಗೆ ಬರೆದುಕೊಟ್ಟಿದ್ದ ಡಾಕ್ಟರನ್ನು ಕರೆತಂದೆ. ಅವರು ಮದ್ದಿನ ಅಮಲಿಳಿಸುವ ಸೂಜಿ ಚುಚ್ಚಿ, ಅವಳು ಕಣ್ಣುಬಿಟ್ಟ ಮೇಲೂ ಪಕ್ಕದಿಂದ ಕದಲಲಿಲ್ಲ.

ಉಳಿದ ತುಣುಕುಗಳನ್ನು ಕಂಡಾಗ ಅವರ ಮುಖ ಬಿಗಿಯಿತು. ದಿನವಿಡೀ ಮೆಲ್ಲಮೆಲ್ಲನೆ ಕರಗಲೆಂದು ಮಾಡಿದ ಗುಳಿಗೆಯಂತೆ ಅದು. ಒಡೆದರೆ ಇದ್ದದ್ದೆಲ್ಲ ಒಮ್ಮೆಗೇ ಮೈಗೇರುತ್ತದೆ, ಆಮೇಲೆ ನೋವಿಗೆ ಏನೂ ಉಳಿಯುವುದಿಲ್ಲ. ಆ ಮಂಪರೂ ಆ ನರಳಾಟವೂ ಕತ್ತರಿಯದೇ ಕೆಲಸ. ಇಡಿಯಾಗಿ ನುಂಗಬೇಕೆಂದು ಮೊದಲೇ ಹೇಳಿದ್ದೆನಲ್ಲ ಎಂದರು.

"ಯಾರಿಗೆ ಹೇಳಿದ್ರಿ ಡಾಕ್ಟರ?" ಅತ್ತಿಯ ದನಿ ಒಣಗಿತ್ತು. "ನುಂಗಾಕಿ ನಾನು."

ಡಾಕ್ಟರು ಅಪ್ಪನನ್ನು ನೋಡಿದರು. ಅಪ್ಪ ನೆಲ ನೋಡಿದ.

"ಚಟಾ ಹತ್ತತೈತಂತ ಅಂಜಿದ್ನಿ, ನೀಲಾ."

"ಚಟಾ ಹತ್ತಾಕ ಮೊದ್ಲ ಬದುಕಿರಬೇಕಲ್ಲೋ, ಅಣ್ಣಾ."

ಹೇಳಿ ಅವಳೇ ನಕ್ಕಳು. ನನಗೆ ಅಂದೂ ನಗು ಬರಲಿಲ್ಲ, ಇಂದೂ ಬರುವುದಿಲ್ಲ. ಅಂಜಿದವನು ಒಬ್ಬ, ನುಂಗುವವಳಿಗೇ ಹೇಳದೆ ಹೋದವನು ಇನ್ನೊಬ್ಬ. ಇಬ್ಬರ ಪಾಲಿನ ನೋವನ್ನೂ ಉಂಡವಳು ಅವಳು.

ಡಾಕ್ಟರು ಪ್ರಮಾಣ ಬದಲಿಸಿ, ಈ ಸಲ ಅವಳ ಪಕ್ಕದಲ್ಲೇ ಕೂತು ಎಲ್ಲ ವಿವರಿಸಿದರು. ಮರುದಿನ ಅಪ್ಪ ನೀರು ತಂದು ನಿಂತ. ಅತ್ತಿ ಲೋಟ ಇಸಿದುಕೊಂಡು, ಇಡೀ ಗುಳಿಗೆಯನ್ನು ತಾನೇ ನುಂಗಿ, ಖಾಲಿ ಲೋಟವನ್ನು ನೆಲಕ್ಕಿಟ್ಟು ಗೋಡೆಯತ್ತ ಹೊರಳಿದಳು. ಅದನ್ನು ತೆಗೆದುಕೊಳ್ಳಲು ಚಾಚಿದ್ದ ಕೈಯನ್ನು ಅಪ್ಪ ಬಹಳ ಹೊತ್ತು ಹಾಗೇ ಹಿಡಿದಿದ್ದ.