ಆಕಳಿಕೆಯ ಜಾಹೀರಾತು

ನಮ್ಮ ರೇಡಿಯೋ ನಿಲಯ ಜನರದ್ದು. ಕೇಳುಗರ ವಂತಿಗೆಯಿಂದ ನಡೆಯುತ್ತದೆ, ಜಾಹೀರಾತು ಹಾಕುವುದಿಲ್ಲ. ಕಾರ್ಯಕ್ರಮಕ್ಕೆ ನೆರವಾದ ಪ್ರಾಯೋಜಕರ ಬಗ್ಗೆ ಒಂದು ಸಾಲು ಮಾತ್ರ ಹೇಳಬಹುದು: ಅಂಗಡಿಯ ಹೆಸರು, ಇರುವ ಬೀದಿ, ಮಾರುವ ವಸ್ತು. ಅಷ್ಟೇ. 'ಒಳ್ಳೆಯದು' ಅನ್ನುವಂತಿಲ್ಲ, 'ಬನ್ನಿ' ಅನ್ನುವಂತಿಲ್ಲ, ಬೆಲೆಯಂತೂ ಬಾಯಿಗೇ ಬರುವಂತಿಲ್ಲ. ಇದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವರು ನಿಲಯದ ಮುಖ್ಯಸ್ಥರು. ಬೆನ್ನ ಹಿಂದೆ ನಾವು ಅವರನ್ನು ಕತ್ತರಿ ಸಾಹೇಬರು ಅನ್ನುತ್ತೇವೆ. ಬೇಕರಿಯವರು 'ಬಿಸಿ ಬ್ರೆಡ್' ಎಂದು ಬರೆದುಕೊಟ್ಟಾಗ ಬಿಸಿಯನ್ನು ಹೊಡೆದುಹಾಕಿದ ಪುಣ್ಯಾತ್ಮ.

ನನ್ನ ಕಾರ್ಯಕ್ರಮ ಬೆಳಗಿನ ಐದೂವರೆಗೆ. ಹವಾಮಾನ, ಕೇಳುಗರ ಪತ್ರ ಓದುತ್ತೇನೆ, ನಡುನಡುವೆ ಹಾಡು ಹಾಕುತ್ತೇನೆ. ಆ ಹೊತ್ತಿನ ಕಾರ್ಯಕ್ರಮಕ್ಕೆ ಪ್ರಾಯೋಜಕರು ಎಲ್ಲಿಂದ ಬರಬೇಕು? ಎರಡು ಸಲ ಅದು ನಿಂತೇ ಹೋಗುವುದರಲ್ಲಿತ್ತು. ಕೊನೆಗೆ ನನ್ನ ಅಕ್ಕನೇ ಮುಂದೆ ಬಂದಳು. ಅವಳದು ಹಾಸಿಗೆ ದಿಂಬಿನ ಅಂಗಡಿ. ಅಕ್ಕ ಎಂಬುದನ್ನು ಸಾಹೇಬರಿಗೆ ಮೊದಲೇ ಹೇಳಿದ್ದೆ. ನಿಯಮದಲ್ಲಿ ಅಡ್ಡಿಯಿಲ್ಲ ಎಂದರು.

ಮೊದಲ ದಿನವೇ ಎಡವಟ್ಟಾಯಿತು. ನಾಲ್ಕು ಗಂಟೆಗೆ ಎದ್ದವನು ನಾನು. 'ಹಾಸಿಗೆ ಮತ್ತು ದಿಂಬು' ಎಂದು ಓದಿ ಮುಗಿಸುವಷ್ಟರಲ್ಲಿ ಬಾಯಿತುಂಬ ಆಕಳಿಕೆ ಬಂತು. ಅದು ನಿಜವಾದ ಆಕಳಿಕೆ, ದೇವರಾಣೆ. ಅವತ್ತು ಸಂಜೆ ಅಕ್ಕ ಫೋನ್ ಮಾಡಿ, ಮೂರು ಗಿರಾಕಿಗಳು ಆಕಳಿಸುತ್ತಲೇ ಅಂಗಡಿಗೆ ಬಂದರು ಎಂದು ಬಿದ್ದು ಬಿದ್ದು ನಕ್ಕಳು. ಅಲ್ಲಿಂದಾಚೆಗಿನ ಆಕಳಿಕೆಗಳ ಬಗ್ಗೆ ನಾನು ಪ್ರಮಾಣ ಮಾಡಲಾರೆ.

ಮೂರು ವಾರಕ್ಕೆ ದೂರು ಬಂತು. ಬರೆದವರು ಶಾಲೆಯೊಂದರ ನಿವೃತ್ತ ಹೆಡ್‌ಮೇಡಂ, ನಿಲಯ ಶುರುವಾದಾಗಿನಿಂದ ತಪ್ಪದೆ ವಂತಿಗೆ ಕೊಡುವವರು. ಸಾಹೇಬರು ಅವರನ್ನೂ ಅಕ್ಕನನ್ನೂ ನನ್ನನ್ನೂ ಸ್ಟುಡಿಯೋ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಆಕಳಿಕೆಯೂ ಜಾಹೀರಾತು ಎಂದು ತೀರ್ಮಾನವಾದರೆ ಅಕ್ಕನ ನೆರವು ವಾಪಸ್ಸು, ಮುಂದಿನ ತಿಂಗಳಿಂದ ನನ್ನ ಕಾರ್ಯಕ್ರಮ ಬಂದ್.

"ಹನ್ನೊಂದು ಸಲ ಆಕಳಿಸಿದ್ದೀರಿ," ಹೆಡ್‌ಮೇಡಂ ನೋಟ್‌ಬುಕ್ ತೆಗೆದರು. "ಹನ್ನೊಂದೂ ಸಲ 'ದಿಂಬು' ಅಂದ್ಮೇಲೆ."

"ನಾಲ್ಕಕ್ಕೇ ಏಳ್ತೀನಲ್ಲ ಮೇಡಂ."

"ಹವಾಮಾನ ಓದುವಾಗ ಯಾಕೆ ಬರಲ್ಲ ಹಾಗಾದ್ರೆ?"

ಸಾಹೇಬರು ಕಾರ್ಯಕ್ರಮದ ಧ್ವನಿಮುದ್ರಿಕೆ ಹಾಕಿದರು. ನನ್ನ ಆಕಳಿಕೆ ಕೇಳಿದ್ದೇ ತಡ, ಸಾಹೇಬರೇ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು. ಅಕ್ಕ ರಾಜಾರೋಷವಾಗಿ ಆಕಳಿಸಿದಳು. ಹೆಡ್‌ಮೇಡಂ ಹಲ್ಲು ಕಚ್ಚಿ ತಡೆದರೂ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ನೋಡಿದ್ರಾ? ಇದು ಜಾಹೀರಾತಲ್ದೆ ಇನ್ನೇನು!"

ಸಾಹೇಬರು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿಹಾಕಿ, "ಮಾತಿನಲ್ಲಿ ತಪ್ಪಿಲ್ಲ. ಆಕಳಿಕೆ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ," ಎಂದರು. ನಾನು ಬಚಾವಾದೆ ಅಂದುಕೊಂಡೆ.

ಹೆಡ್‌ಮೇಡಂ ನನ್ನ ಕಡೆ ತಿರುಗಿದರು. "ಪುಸ್ತಕ ಬಿಡಿ. ನೀವು ಹೇಳಿ. ಆ ಸಾಲು ಓದುವಾಗ, ಜನ ನಿಮ್ಮ ಅಕ್ಕನ ಅಂಗಡಿಗೆ ಹೋಗ್ಲಿ ಅಂತ ಮನಸ್ಸಲ್ಲಿ ಇರುತ್ತಾ, ಇಲ್ವಾ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಕ್ಕ ಎದುರಿಗೇ ಕೂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಹತ್ತಿ ತುಂಬಿ ತುಂಬಿ ನನ್ನನ್ನು ಓದಿಸಿದವಳು.

"ಇರುತ್ತೆ ಮೇಡಂ," ಅಂದೆ. "ಹೋಗ್ಲಿ ಅಂತಾನೇ ಓದ್ತೀನಿ."

ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ಆಗ ಅಕ್ಕ ಬಾಯಿಬಿಟ್ಟಳು.

"ಅಲ್ವೋ ಪೆದ್ದ, ಗಿರಾಕಿ ಬರ್ಲಿ ಅಂತ ದುಡ್ಡು ಕೊಟ್ನೇನೋ ನಾನು? ಬೆಳಗ್ಗೆ ಅಂಗಡಿ ಗುಡಿಸುವಾಗ ನಿನ್ನ ದನಿ ಕೇಳ್ತಿರ್ಬೇಕು, ಅದಕ್ಕೆ ಕೊಟ್ಟಿದ್ದು." ಸಾಹೇಬರತ್ತ ತಿರುಗಿ, "ನನ್ನ ಅಂಗಡಿ ಹೆಸರು ತೆಗೆದುಹಾಕಿ ಸಾರ್. ಕಾರ್ಯಕ್ರಮ ನಡೀಲಿ," ಎಂದಳು. ನನಗೆ ಅಳು ಬಂತು. ಅಕ್ಕನಿಗೆ ಕಾಣಬಾರದೆಂದು ನಿಯಮದ ಪುಸ್ತಕ ಎತ್ತಿಕೊಂಡು ಓದತೊಡಗಿದೆ. ಹೆಡ್‌ಮೇಡಂ ನೋಟ್‌ಬುಕ್ ಮುಚ್ಚಿದರು.

ಮರುದಿನ ಬೆಳಿಗ್ಗೆ, "ಈ ಕಾರ್ಯಕ್ರಮಕ್ಕೆ ನೆರವಾದವರು ತಮ್ಮ ಹೆಸರು ಬೇಡವೆಂದಿದ್ದಾರೆ," ಎಂದು ಓದಿದೆ. ಐದು ನಿಮಿಷದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಯಾರದು? ಯಾಕೆ ಬೇಡವಂತೆ? ಮಂತ್ರಿಗಳಾ? ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಕರೆ ಎತ್ತಿದ್ದೂ ಎತ್ತಿದ್ದೇ. ಹೇಳಿದರೆ ಜಾಹೀರಾತು, ಹೇಳದಿದ್ದರೆ ಗುಟ್ಟು. ಅವರ ಪಾಡು ಯಾರಿಗೂ ಬೇಡ.

ಕೊನೆಯ ಕರೆ ಹೆಡ್‌ಮೇಡಂ ಅವರದು. ನನ್ನನ್ನೇ ಫೋನಿಗೆ ಕರೆಸಿಕೊಂಡರು.

"ರೇಡಿಯೋಗೆ ಯಾರು ಕೊಡ್ತಾರೆ ಅನ್ನೋದನ್ನ ಜನರಿಂದ ಮುಚ್ಚಿಡೋದು ಜಾಹೀರಾತಿಗಿಂತ ದೊಡ್ಡ ತಪ್ಪು. ನಾಳೆ ಅಂಗಡಿ ಹೆಸರು ಹೇಳಿ. ಅವರು ನಿಮ್ಮ ಅಕ್ಕ ಅಂತಾನೂ ಹೇಳಿ. ಕೇಳೋರು ತಾವೇ ತೂಗಿ ನೋಡ್ಕೋತಾರೆ."

ಸಾಹೇಬರು ಒಪ್ಪಿದರು. ಮರುದಿನ ಅಂಗಡಿಯ ಹೆಸರು, ಬೀದಿ, ಹಾಸಿಗೆ, ದಿಂಬು ಎಲ್ಲ ಓದಿ, "ಇದನ್ನು ನಡೆಸುವವರು ನನ್ನ ಅಕ್ಕ," ಎಂದೆ. ಮುಂದಿನ ಪತ್ರ ಕೈಯಲ್ಲಿದ್ದರೂ ಅಕ್ಷರ ಕಾಣದೆ ಅವಸರದಲ್ಲಿ ಒಂದು ಹಾಡು ಹಾಕಿದೆ.

ಹಾಡು ಮುಗಿಯುವ ಮೊದಲೇ ಅಕ್ಕನ ಫೋನ್. ಬೇಡ ಅಂದಿದ್ದನ್ನೇ ಮಾಡುತ್ತೀಯಲ್ಲ, ನಿನಗೆ ಮೈಮೇಲೆ ಜ್ಞಾನವಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ ಕೇಳಿದಳು:

"ನಾಳೇನೂ ಹೇಳ್ತೀಯಲ್ವಾ?"