ಕಲ್ಲಿನ ನಡುವೆ ಉಳಿದ ಗೆರೆಗಳು

ಅಣ್ಣ ತಮ್ಮ ಇಬ್ಬರಿಗೂ ಒಂದೇ ಅಂಗಡಿ, ಎರಡು ಕುರ್ಚಿ. ಬಾಗಿಲ ಬಳಿಯ ಕುರ್ಚಿ ಅಣ್ಣನದು. ಒಳಗಿನದು ತಮ್ಮನದು, ಅದರ ಎದುರಿನ ಕನ್ನಡಿಯ ಮೂಲೆಯಲ್ಲಿ ರಸ ಉದುರಿ ಕಪ್ಪಾಗಿತ್ತು. ಅಂಗಡಿಯಲ್ಲಿ ಮಡಚುವ ಹಳೇ ಕ್ಷೌರದ ಕತ್ತಿಗಳೇ ನಡೆಯುತ್ತಿದ್ದವು. ಬ್ಲೇಡು ಸಿಕ್ಕಿಸಿ ಬಿಸಾಡುವ ಸಾಮಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಆ ಕತ್ತಿಯ ನುಣುಪನ್ನೇ ಹುಡುಕಿಕೊಂಡು ಬರುವ ಗಿರಾಕಿಗಳಿಂದ ಎರಡೂ ಮನೆಗಳ ಒಲೆ ಉರಿಯುತ್ತಿತ್ತು.

ಆರು ತಿಂಗಳಿಂದ ತಮ್ಮನ ಕತ್ತಿ ಎಳೆಯತೊಡಗಿತ್ತು. ಕೂದಲನ್ನು ಕತ್ತರಿಸುವ ಬದಲು ಹಿಡಿದು ಜಗ್ಗುತ್ತಿತ್ತು. ಒಬ್ಬರು ಮುಖ ಸಿಂಡರಿಸಿ ಸುಮ್ಮನಾದರು, ಇನ್ನೊಬ್ಬರು ಮುಂದಿನ ವಾರ ಸದ್ದಿಲ್ಲದೆ ಅಣ್ಣನ ಕುರ್ಚಿಗೆ ಕಾದು ಕೂತರು. ಅಣ್ಣನಿಗೆ ಹುಷಾರಿಲ್ಲದ ದಿನ ತಮ್ಮನ ಕುರ್ಚಿಯಲ್ಲಿ ಕೂತ ನಿವೃತ್ತ ಪೋಸ್ಟ್‌ಮಾಸ್ತರರಂತೂ ಬಾಯಿ ಬಿಟ್ಟೇ ಅಂದರು:

"ಏನಪ್ಪಾ, ಕ್ಷೌರ ಮಾಡ್ತಿದ್ದೀಯೋ ಗರಿ ಕೀಳ್ತಿದ್ದೀಯೋ? ನಾನೇನು ಕೋಳಿನಾ?"

ಮಾತು ಅಣ್ಣನ ಕಿವಿಗೆ ಬಿತ್ತು. ಮರುದಿನ ಸಂಜೆ ಕದ ಎಳೆಯುವಾಗ ಅವನು ಹೇಳಿದ:

"ನಿನ್ನ ಕೈ ಭಾರ ಆಗಿದೆ ಕಣೋ."

"ಕೈ ಮೊದಲಿನ ಹಾಗೇ ಇದೆ ಅಣ್ಣ. ಕತ್ತೀನೇ ಯಾಕೋ..."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನಿನ್ನ ಕತ್ತಿ ಮಸೆಯೋದೂ ಅದೇ ಕಲ್ಲಲ್ಲಿ, ನನ್ನದು ಮಸೆಯೋದೂ ಅದೇ ಕಲ್ಲಲ್ಲಿ. ನಂದು ಎಳೆಯುತ್ತಾ? ಇನ್ನೊಂದು ದೂರು ಬರಲಿ, ಕತ್ತಿ ಕೆಳಗಿಡು. ಕತ್ತರಿ ಹಿಡ್ಕೊಂಡು ತಲೆ ಮಾತ್ರ ನೋಡು."

ತಮ್ಮ ನಂಬಿದ. ಹದಿನೆಂಟು ವರ್ಷದ ಹಿಂದೆ ಬೆರಳು ಹಿಡಿದು ಕತ್ತಿಯ ಓರೆ ಕಲಿಸಿದ ಅಣ್ಣ ತಪ್ಪು ಹೇಳಿಯಾನೆ? ಮನೆಯಲ್ಲಿ ಬಲೂನು ಊದಿ, ನೊರೆ ಬಳಿದು, ಒಡೆಯದ ಹಾಗೆ ಬೋಳಿಸಿ ಕೈ ಹಗುರ ಮಾಡಿಕೊಳ್ಳಲು ನೋಡಿದ. "ಬಲೂನಿಗೆ ಗಡ್ಡ ಬಂದ ಮೇಲೆ ಕರೀರಿ, ನೋಡೋಕೆ ಬರ್ತೀನಿ" ಅಂದಳು ಹೆಂಡತಿ. ಅವನಿಗೆ ನಗು ಬರಲಿಲ್ಲ. ಕತ್ತಿ ಕೈಬಿಟ್ಟರೆ ತಾನು ಆ ಅಂಗಡಿಯಲ್ಲಿ ಏನು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಕಲ್ಲಿನ ಕೆಲಸ ಹಿರಿಯನದು ಎಂಬುದು ಅಲ್ಲಿಯ ಕಟ್ಟಳೆ. ಕಿರಿಯವನು ನೀರು ತರಬೇಕು, ಒರೆಸಿಡಬೇಕು, ಅಷ್ಟೇ. ದಿನವೂ ಕತ್ತಿ ಉಜ್ಜಿಸಿಕೊಳ್ಳುವ ಸಾಣೆಕಲ್ಲು ನಡುವೆ ಸವೆದು ತಗ್ಗಾಗುತ್ತದೆ. ತಗ್ಗಾದ ಕಲ್ಲಿನ ಮೇಲೆ ಕತ್ತಿಯ ಎರಡು ತುದಿ ತಾಗುತ್ತವೆ, ನಡುಭಾಗ ತಾಗದೆ ತೇಲುತ್ತದೆ. ಆದ್ದರಿಂದ ವಾರದ ರಜೆಯ ದಿನ ಅಣ್ಣ ಕಲ್ಲಿನ ಮೈತುಂಬ ಪೆನ್ಸಿಲಿನಿಂದ ಅಡ್ಡಡ್ಡ ಉದ್ದುದ್ದ ಗೆರೆ ಎಳೆಯುತ್ತಿದ್ದ. ದಪ್ಪ ಗಾಜಿನ ಮೇಲೆ ಮರಳುಕಾಗದ ಹಾಸಿ, ನೀರು ಚಿಮುಕಿಸಿ, ಕಲ್ಲನ್ನು ಬೋರಲು ಹಾಕಿ ಉಜ್ಜುತ್ತಿದ್ದ. ಎತ್ತರವಿದ್ದ ಕಡೆ ಗೆರೆ ಮೊದಲು ಅಳಿಯುತ್ತದೆ, ತಗ್ಗಿನಲ್ಲಿ ಕೊನೆಗೆ. ಎಲ್ಲ ಗೆರೆ ಹೋದರೆ ಕಲ್ಲು ಮಟ್ಟವಾಯಿತೆಂದು ಲೆಕ್ಕ.

ಆ ವಾರ ಅಣ್ಣ ಉಜ್ಜಿ ಮುಗಿಸಿ, ಕಲ್ಲನ್ನು ದೀಪದ ಕೆಳಗೆ ಹಿಡಿದು ನೋಡಿ, "ಆಯ್ತು, ಒರೆಸಿಡು" ಎಂದು ಎದ್ದು ಹೋದ. ತಮ್ಮ ಅದನ್ನು ಕಿಟಕಿಗೆ ಒಯ್ದ. ಕಲ್ಲಿನ ನಡುವೆ, ಅಂಗೈಯಗಲ ಜಾಗದಲ್ಲಿ, ಗೆರೆಗಳು ಹಾಗೇ ಇದ್ದವು.

ಮೊದಲು ಅವನು ಅನುಮಾನಪಟ್ಟದ್ದು ತನ್ನನ್ನೇ. ಅಣ್ಣ ಬೇಕೆಂದೇ ಬಿಟ್ಟಿರಬಹುದೆ? ತನಗೆ ತಿಳಿಯದ ಸೂಕ್ಷ್ಮ ಏನಾದರೂ ಇದೆಯೆ? ಉಕ್ಕಿನ ಅಳತೆಪಟ್ಟಿಯನ್ನು ಕಲ್ಲಿಗೆ ಅಡ್ಡ ಇಟ್ಟು ಬೆಳಕಿಗೆ ಹಿಡಿದ. ಪಟ್ಟಿಯ ಕೆಳಗೆ ಬೆಳಕು ಸಣ್ಣ ಬಾಳೆಲೆಯ ಆಕಾರದಲ್ಲಿ ನುಸುಳಿತು. ನೆಲ ನಿಜಕ್ಕೂ ಡೊಂಕಾಗಿತ್ತು. ಅಣ್ಣ ಮೊದಲಿನಿಂದಲೂ ಕತ್ತಿಯ ತುದಿಯಿಂದ ಸಣ್ಣ ಸಣ್ಣದಾಗಿ ಎಳೆಯುವವನು. ಅವನ ಕತ್ತಿಯ ತುದಿ ಚೂಪಾಗಿಯೇ ಇತ್ತು. ನಡುಭಾಗದಿಂದ ಉದ್ದಕ್ಕೆ ಎಳೆಯುವ ತಮ್ಮನಿಗೆ ಮೊಂಡು ಭಾಗವೇ ಪಾಲಿಗೆ ಬಂದಿತ್ತು.

ಬುತ್ತಿ ತಂದ ಅತ್ತಿಗೆಯನ್ನು ಮೆಲ್ಲಗೆ ಕೇಳಿದ:

"ಅತ್ತಿಗೆ, ಅಣ್ಣನ ಕಣ್ಣು ಹೇಗಿದೆ?"

ಆಕೆ ಬುತ್ತಿಯ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿದಳು. "ಹೋದ ತಿಂಗಳು ಪೇಪರ್ ತಲೆಕೆಳಗೆ ಹಿಡ್ಕೊಂಡು ಕೂತಿದ್ರು. ಇದೇನ್ರೀ, ಲೋಕಾನೇ ಉಲ್ಟಾ ಆಯ್ತಾ ಅಂತ ನಕ್ಕೆ. ಅವರು ನಗಲಿಲ್ಲ. ಸುಮ್ನೆ ತಿರುಗಿಸಿ ಹಿಡ್ಕೊಂಡ್ರು."

"ಡಾಕ್ಟರಿಗೆ ತೋರಿಸಿದ್ರಾ?"

"ಹೇಳಿದ್ರೆ ಹಾರಾಡ್ತಾರೆ. ನೀನಾದ್ರೂ ಹೇಳಪ್ಪ."

ತಮ್ಮ ಹೇಳಲಿಲ್ಲ. ಅಣ್ಣ ಊಟಕ್ಕೆ ಕೂತ ಹೊತ್ತಿನಲ್ಲಿ, ಕಳ್ಳನ ಹಾಗೆ, ಕಲ್ಲನ್ನು ತಾನೇ ಗಾಜಿಗೆ ಹಾಕಿ ಉಜ್ಜಿದ. ಕಡೆಯ ಗೆರೆ ಅಳಿಯುವವರೆಗೆ ಉಜ್ಜಿ, ತನ್ನ ಕತ್ತಿಯನ್ನು ಹೊಸದಾಗಿ ಮಸೆದು, ಚರ್ಮದ ಪಟ್ಟಿಗೆ ತೀಡಿದ. ಮರುದಿನ ಆ ಕತ್ತಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಯಿತು. ಗಿರಾಕಿ ಕೂತಲ್ಲೇ ತೂಕಡಿಸಿದ. ಅವನ ಗೊರಕೆ ಕೇಳಿ ಅಣ್ಣ ಹಿಗ್ಗಿದ: "ನೋಡ್ದೆಯಾ? ಬೈದದ್ದಕ್ಕೆ ಕೈ ಹಗುರ ಆಯ್ತು."

"ಹೌದಣ್ಣ."

ಹೀಗೇ ನಡೆದುಹೋಗಲಿ, ವಾರಕ್ಕೊಮ್ಮೆ ಕದ್ದು ಉಜ್ಜಿದರಾಯಿತು, ಯಾರ ಮಾನವೂ ಹೋಗದು ಎಂದು ತಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಣ್ಣನ ಕೈಯಲ್ಲೂ ಕತ್ತಿ ಇದೆ, ಅದು ದಿನವೂ ಜನರ ಕುತ್ತಿಗೆಯ ಮೇಲೆ ಓಡಾಡುತ್ತದೆ ಎಂಬುದನ್ನು ಮಾತ್ರ ಅವನು ಯೋಚನೆಗೆ ತಂದುಕೊಳ್ಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪೋಸ್ಟ್‌ಮಾಸ್ತರರು ಬಂದು ಅಣ್ಣನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿದರು. ಅಣ್ಣ ನೊರೆ ಬಳಿದು ಬಲಗೆನ್ನೆ ಮುಗಿಸಿದ. ಪಕ್ಕದಲ್ಲಿ ಟವೆಲು ಮಡಚುತ್ತಿದ್ದ ತಮ್ಮ ತಲೆಯೆತ್ತಿದ. ಎಡದವಡೆಯ ಕೆಳಗೆ, ತೆಳುವಾದ ನೊರೆಯೊಳಗಿಂದ, ಕಪ್ಪು ದಾರದ ಮೂರು ತುಣುಕು ಎದ್ದು ನಿಂತಿದ್ದವು. ಅಲ್ಲಿದ್ದ ನರೂಲಿಯನ್ನು ಆಸ್ಪತ್ರೆಯಲ್ಲಿ ತೆಗೆದು ಹೊಲಿಗೆ ಹಾಕಿದ್ದರು. ಅಣ್ಣನ ಕತ್ತಿ ಎಂದಿನ ಓಟದಲ್ಲಿ ಅದೇ ಕಡೆಗೆ ಇಳಿಯುತ್ತಿತ್ತು.

ತಮ್ಮ ಅಣ್ಣನ ಮಣಿಕಟ್ಟು ಹಿಡಿದ. ಹದಿನೆಂಟು ವರ್ಷದಲ್ಲಿ ಆ ಕೈಯನ್ನು ಅವನು ತಡೆದದ್ದು ಅದೇ ಮೊದಲು.

"ಅಣ್ಣ, ಹೊಲಿಗೆ ಇದೆ ಅಲ್ಲಿ."

ಪೋಸ್ಟ್‌ಮಾಸ್ತರರು ಕಣ್ಣು ಬಿಟ್ಟರು. "ಅಯ್ಯೋ, ಹೇಳೋಕೇ ಮರೆತೆ! ಕಾಣುತ್ತಲ್ಲಾ ಅಂತ ಸುಮ್ನಿದ್ದೆ."

ಅಣ್ಣ ಬಗ್ಗಿ ನೋಡಿದ. ಇನ್ನೂ ಬಗ್ಗಿದ. ಆಮೇಲೆ ಎಡಗೈಯ ಬೆರಳಿಂದ ನೊರೆಯನ್ನು ಸವರಿ, ದಾರದ ತುದಿಯನ್ನು ಮುಟ್ಟಿ ತಿಳಿದುಕೊಂಡ. ಕತ್ತಿಯನ್ನು ಮಡಚಿ ತಮ್ಮನ ಕೈಗಿಟ್ಟ.

"ನನಗೆ ಕಾಣಲಿಲ್ಲ," ಎಂದ. ಸ್ವಲ್ಪ ತಡೆದು, "ಇನ್ನೂ ಏನೇನು ಕಂಡಿಲ್ಲ, ಹೇಳು."

"ಆಮೇಲೆ ಮಾತಾಡೋಣ ಅಣ್ಣ."

"ಈಗ್ಲೇ ಹೇಳು."

ತಮ್ಮ ಕೈಯಲ್ಲಿದ್ದ ಕತ್ತಿಯನ್ನು ನೋಡುತ್ತ ಹೇಳಿದ: "ಗೆರೆ. ಕಲ್ಲಿನ ನಡುವೆ ಉಳಿದಿತ್ತು. ನಾನು ಉಜ್ಜಿ ತೆಗೆದೆ."

ಹೆಚ್ಚು ವಿವರಿಸಬೇಕಾಗಿರಲಿಲ್ಲ. ಕಸುಬು ಬಲ್ಲವನು ಅಣ್ಣ. ಗೆರೆ, ತಗ್ಗು, ಕತ್ತಿಯ ನಡುಭಾಗ, ಆರು ತಿಂಗಳು, ಎಲ್ಲ ಅವನ ಮುಖದ ಮೇಲೆ ಒಂದರ ಹಿಂದೆ ಒಂದು ಹಾದುಹೋದವು. ಅವನು ಕುರ್ಚಿಯ ಹಿಡಿಕೆ ಹಿಡಿದುಕೊಂಡು ನಿಂತ.

ಪೋಸ್ಟ್‌ಮಾಸ್ತರರಿಗೆ ಅರ್ಥವಾಗಲಿಲ್ಲ. "ಏನಯ್ಯಾ ಇದು, ಅರ್ಧ ಮುಖಕ್ಕೆ ನಿಲ್ಲಿಸಿಬಿಟ್ರಿ? ಇವನ ಕೈಗೆ ಕೊಡ್ಬೇಡ ಮಾರಾಯ, ಹೋದ ಸಲ ಎಳೆದದ್ದು ಇನ್ನೂ ಉರೀತಿದೆ."

"ಎಳೆದದ್ದು ಇವನ ಕೈಯಲ್ಲ ಸ್ವಾಮಿ," ಅಂದ ಅಣ್ಣ. ಕಾಯುತ್ತ ಕೂತಿದ್ದ ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದ. "ನನ್ನ ಕಲ್ಲು. ಕಣ್ಣು ಕಾಣದೆ ಕಲ್ಲು ಕೆಡಿಸಿದೆ, ಬೈದದ್ದು ಇವನನ್ನ. ಇನ್ಮೇಲೆ ಕತ್ತಿ ಕೆಲಸ ಇವನದೇ."

ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಪೇಪರ್ ಮಡಚಿದ.

ಈ ಮಾತಿಗಾಗಿ ತಮ್ಮ ಆರು ತಿಂಗಳು ಒಳಗೊಳಗೇ ಬೆಂದಿದ್ದ. ಈಗ ಕಿವಿಯಾರೆ ಕೇಳಿದಾಗ, ಅಣ್ಣ ಇದನ್ನು ಇಷ್ಟು ಜನರ ಮುಂದೆ ಹೇಳಬಾರದಿತ್ತು ಅನ್ನಿಸಿತು. ತಾನೇ ಮೊದಲು, ಇಬ್ಬರೇ ಇದ್ದಾಗ, ಹೇಳಿಬಿಟ್ಟಿದ್ದರೆ ಹೀಗೆ ಹೇಳುವ ಹೊತ್ತು ಬರುತ್ತಿರಲಿಲ್ಲ ಅನ್ನಿಸಿತು. ಕ್ಷಮೆ ಕೇಳಬೇಕಾದವರು ಯಾರು ಎಂದು ತಿಳಿಯದೆ ಕತ್ತಿ ಹಿಡಿದು ನಿಂತ.

"ನಿಂತ್ಕೊಂಡು ಏನು ನೋಡ್ತೀಯ? ನೊರೆ ಒಣಗ್ತಿದೆ," ಅಂದ ಅಣ್ಣ.

ತಮ್ಮ ಬ್ರಷ್ಷನ್ನು ಬಿಸಿನೀರಿಗೆ ಅದ್ದಿ ಎಡಗೆನ್ನೆಗೆ ಮತ್ತೆ ನೊರೆ ಹಚ್ಚಿದ. ಹೊಲಿಗೆಯ ಸುತ್ತ ಎರಡು ಬೆರಳಗಲ ಬಿಟ್ಟು, ಕಿವಿಯ ಕೆಳಗಿಂದ ಕತ್ತಿ ಇಳಿಸಿದ.